ತೀರ್ಥದ ಬಟ್ಟೆ

ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಲೀಲಾಕ್ಷಮ್ಮ ದಿನವೂ ಒಂದು ಮೊಬೈಲನ್ನು ಕೊಡುತ್ತಿದ್ದಳು, ಇನ್ನೊಂದನ್ನು ಬಚ್ಚಿಡುತ್ತಿದ್ದಳು.

ಕೊಡುತ್ತಿದ್ದುದು ತನ್ನದೇ, ಗುಂಡಿ ಒತ್ತುವ ಹಳೆಯ ಮೊಬೈಲು. ಬಾಗಿಲ ಬಳಿ ನಿಂತಿರುತ್ತಿದ್ದ ಸಿಂಧೂರ ಸಿಸ್ಟರ್ ಅದನ್ನು ಸ್ಪಿರಿಟ್ಟಿನಲ್ಲಿ ನೆನೆದ ಕಾಗದದಿಂದ ಹಿಂದೆ ಮುಂದೆ ಒರೆಸಿ ಹಿಂತಿರುಗಿಸುತ್ತಿದ್ದಳು. ಬಚ್ಚಿಡುತ್ತಿದ್ದುದು ಮಗಳು ಚಿತ್ರಾಳದು. ಅದು ಸೆರಗಿನ ಮರೆಯಲ್ಲಿ, ಸೊಂಟಕ್ಕೆ ಸಿಕ್ಕಿಸಿದ ಒಂದು ರೇಷ್ಮೆಯ ಚೀಲದೊಳಗೆ ಇರುತ್ತಿತ್ತು. ಚೀಲವೂ ಚಿತ್ರಾಳ ಸೀರೆಯನ್ನೇ ಕತ್ತರಿಸಿ ಹೊಲಿದದ್ದು.

ಚಿತ್ರಾ ಕಳೆದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಮರಾಠಿ ಸೀಮೆಯ ಕಾತ್ರಜದಲ್ಲಿ, ಸಾತಾರದ ಕಡೆಗೆ ಹೋಗುವ ಬಸ್ಸುಗಳು ನಿಲ್ಲುವಲ್ಲಿ, ಅವಳ ತಂದೆ ಭುಜಂಗರಾಯರ ಹೋಟೆಲು. ಉಡುಪಿಯ ಕಡೆಯಿಂದ ಬಂದು ಇಡ್ಲಿ ಬೇಯಿಸಿಯೇ ಬದುಕು ಕಟ್ಟಿಕೊಂಡ ಸಂಸಾರ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿತ್ರಾ ಗಲ್ಲಾದ ಹಿಂದಿನ ದೇವರ ಪಟದ ಮುಂದೆ ನಿಂತು ಒಂದು ಭಜನೆ ಹೇಳುವುದು ರೂಢಿಯಾಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ತಿನ್ನುತ್ತಿದ್ದವರೂ ಅದು ಮುಗಿಯುವ ತನಕ ಕೈ ತಡೆಯುತ್ತಿದ್ದರು. ಹಾಗೆ ಹೇಳಿದ ಒಂದು ಸಂಜೆಯ ಭಜನೆ ಅವಳ ಮೊಬೈಲಿನಲ್ಲಿ ಉಳಿದುಬಿಟ್ಟಿತ್ತು. ಅದರ ಕೊನೆಯಲ್ಲಿ ತಾಳ ಕೆಳಗಿಟ್ಟ ಸದ್ದು, ಆಮೇಲೆ ನಗುತ್ತ ತಂದೆಯನ್ನು ಊಟಕ್ಕೆ ಕರೆಯುವ ದನಿ: "ಅಪ್ಪಾ, ಬನ್ನಿ. ಎಷ್ಟು ಹೊತ್ತು ಕೂತಿರ್ತೀರಿ ಅಲ್ಲೇ?"

ಮಗಳು ಹೋದಮೇಲೆ ಆ ಮೊಬೈಲು ದೇವರ ಕೋಣೆ ಸೇರಿತು. ಅದರ ಬೆನ್ನಿಗೆ ಕುಂಕುಮ ಬಿತ್ತು. ದಿನವೂ ಪೂಜೆ ಮುಗಿದಮೇಲೆ ಲೀಲಾಕ್ಷಮ್ಮ ತಾಮ್ರದ ಗಿಂಡಿಯ ತುಳಸಿ ತೀರ್ಥದಲ್ಲಿ ಒಂದು ಬಟ್ಟೆಯ ಚೂರನ್ನು ಅದ್ದಿ ಹಿಂಡಿ, ಮೊಬೈಲನ್ನು ಮಗುವಿನ ಮುಖ ಒರೆಸಿದಂತೆ ಒರೆಸುತ್ತಿದ್ದಳು; ಆ ಬಟ್ಟೆಯನ್ನು ಮಡಚಿ ಅದರ ಜೊತೆಗೇ ಚೀಲದಲ್ಲಿಡುತ್ತಿದ್ದಳು. ಇಷ್ಟು ಮಡಿಯಲ್ಲಿ ಇಟ್ಟದ್ದಕ್ಕೆ ಸ್ಪಿರಿಟ್ಟು ಸೋಕಿಸುವುದೆಂದರೆ ಏನು? ಕುಡಿದು ಬಂದವನನ್ನು ಹೋಟೆಲಿನ ಮೆಟ್ಟಿಲು ಹತ್ತಲು ಬಿಡದ ಮನೆತನ ಅವರದು. ಸಾರಾಯಿಯ ವಾಸನೆಯ ಆ ಕಾಗದ ಮಗಳ ದನಿಯ ಮೇಲೆ ಹರಿದಾಡುವುದನ್ನು ನೆನೆದರೇ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

ಭುಜಂಗರಾಯರಿಗೆ ಹೃದಯದ ಶಸ್ತ್ರಕ್ರಿಯೆಯಾಗಿತ್ತು. ಎದೆಯ ಗಾಯ ಚೆನ್ನಾಗಿ ಕೂಡಿಕೊಳ್ಳುತ್ತಿದೆ, ಗಣಪತಿ ಹಬ್ಬಕ್ಕೆ ಮನೆಯಲ್ಲಿರುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಲೀಲಾಕ್ಷಮ್ಮನಿಗೆ ಬೇಕಾದದ್ದೂ ಅಷ್ಟೇ. ಒಬ್ಬಳನ್ನು ಆಸ್ಪತ್ರೆಗೆ ಕೊಟ್ಟು ಬರಿಗೈಯಲ್ಲಿ ಹಿಂದೆ ಬಂದದ್ದಾಗಿತ್ತು. ಇವರನ್ನಾದರೂ ಕರೆದುಕೊಂಡು ಹೋಗಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಒಳಗೆ ಬಿಡುತ್ತಿದ್ದರು. ಅವಳು ಪರದೆಯನ್ನು ಎಳೆದು, ಚೀಲದಿಂದ ಮೊಬೈಲನ್ನು ತೆಗೆದು ಗಂಡನ ದಿಂಬಿನ ಮೇಲೆ ಇಡುತ್ತಿದ್ದಳು. ಮಗಳು ಹಾಡುತ್ತಿದ್ದಳು. ರಾಯರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಗೆ "ಅಪ್ಪಾ, ಬನ್ನಿ" ಎಂಬಲ್ಲಿ ಅವರ ತುಟಿ ತುಸು ಅಲುಗುತ್ತಿತ್ತು.

ಪಕ್ಕದ ಹಾಸಿಗೆಯವನು ಅಂಬಾದಾಸ. ಜೇಜುರಿಯಲ್ಲಿ ಮೈಲಾರಲಿಂಗನ ಗುಡಿಯ ಮೆಟ್ಟಿಲ ಬುಡದಲ್ಲಿ ಭಂಡಾರದ ಅರಿಸಿನಪುಡಿ ಮಾರುವವನು. ಮೂಲ ಸೊಲ್ಲಾಪುರದ ಕಡೆಯವನಾದ್ದರಿಂದ ಮನೆಮಾತು ಕನ್ನಡ. ಬೇರೊಂದು ಆಸ್ಪತ್ರೆಯಲ್ಲಿ ಕೊಯ್ಯಿಸಿಕೊಂಡ ಗಾಯ ಮಾಯದೆ ಕೀವಾಗಿ, ಅಲ್ಲಿಂದ ಇಲ್ಲಿಗೆ ಸಾಗಿಸಲ್ಪಟ್ಟಿದ್ದನು. ಮೈಯಲ್ಲಿ ಕಸುವಿಲ್ಲದಿದ್ದರೂ ನಾಲಗೆಯಲ್ಲಿ ಇತ್ತು.

ಒಂದು ಬೆಳಿಗ್ಗೆ ಸಿಂಧೂರ ಸಿಸ್ಟರ್ ದೊಡ್ಡ ಡಾಕ್ಟರರನ್ನೇ ತಡೆದು ಮಣಿಕಟ್ಟಿನ ಗಡಿಯಾರ ಬಿಚ್ಚಿಸಿದಳು. ಅವರು ಮುಖ ಗಂಟಿಕ್ಕಿಕೊಂಡು ಅದನ್ನು ಜೇಬಿಗೆ ಹಾಕಿಕೊಂಡರು. ಸಿಸ್ಟರ್ ಅಲ್ಲಿಂದ ನೇರ ರಾಯರ ಬಳಿಗೆ ಬಂದು, ಮಗ ಪೃಥ್ವಿರಾಜ ತಂದು ಕಟ್ಟಿದ್ದ, ನಾಡಿ ಎಣಿಸುವ ಗಡಿಯಾರವನ್ನೂ ಕಳಚಿದಳು.

"ಪಟ್ಟಿ ಕೆಳಗ ಬೆವರು ನಿಲ್ತದರೀ ಅಣ್ಣಾರ. ಅಲ್ಲೇ ರೋಗದ ಜಂತು ಮನಿ ಮಾಡ್ತಾವ. ಮೊಬೈಲ್, ಗಡಿಯಾರ, ಉಂಗುರ, ಎಲ್ಲಾ ಒಂದಽ."

"ಡಾಕ್ಟರ್ ಕೈಯಾಗಿನ ಗಡಿಯಾರ ಬಿಚ್ಚಿಸಿದ್ಲಲ್ಲ," ಎಂದನು ಅಂಬಾದಾಸ. "ಈಕಿ ಪೊಲೀಸ್ ಆಗಬೇಕಾಗಿತ್ತು ನೋಡ್ರಿ. ನನ್ನ ಕಡೆ ಬಿಚ್ಚಾಕ ಏನೂ ಉಳಿದಿಲ್ಲವ್ವ, ಹಲ್ಲೂ ಹೋಗ್ಯಾವು."

ಲೀಲಾಕ್ಷಮ್ಮ ಸಿಸ್ಟರ್‌ನ ಪರವಾಗಿಯೇ ಮಾತನಾಡಿದಳು. "ಸರಿಯಾಗಿ ಹೇಳಿದ್ಲು. ಈ ಮೊಬೈಲನ್ನು ಜನ ಕಕ್ಕಸಿಗೂ ತಕೊಂಡು ಹೋಗ್ತಾರೆ, ಅದನ್ನೇ ತಂದು ಊಟದ ಮೇಜಿನ ಮೇಲೆ ಇಡ್ತಾರೆ. ನಮ್ಮ ಹೋಟೆಲಿಗೆ ಬಂದು ನೋಡ್ಬೇಕು. ಮಡಿ ಇಲ್ಲ, ಮೈಲಿಗೆ ಇಲ್ಲ."

"ಹಂಗಾರ ನಿಮ್ಮ ಪರದೆ ಹಿಂದ ಹಾಡ್ತದಲ್ಲ ಅಕ್ಕಾರ, ಅದೇನು?" ಸಿಸ್ಟರ್ ಅತ್ತ ಹೋದಮೇಲೆ ಅಂಬಾದಾಸ ಮೆಲ್ಲನೆ ಕೇಳಿದನು. "ಹೆದರಬ್ಯಾಡ್ರಿ, ಚಾಡಿ ಹೇಳಂಗಿಲ್ಲ. ನನಗೂ ಒಂಚೂರು ಕೇಳಿಸ್ರಿ. ಮಗ್ಗಲದಾಗ ದೇವರ ಹಾಡು ನಡದೈತಿ, ನನಗ ಬರೇ ಗುಣುಗುಣು ಅಂತೈತಿ."

ದೇವರ ನಾಮ ಬೇಡಿದವನಿಗೆ ಇಲ್ಲವೆನ್ನುವುದು ಹೇಗೆ? ಲೀಲಾಕ್ಷಮ್ಮ ಮೊಬೈಲನ್ನು ತಂದು ಅವನ ಕಿವಿಯ ಬಳಿ ಇಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಯ ಪಟ್ಟಿಯ ಮೇಲೆ ಇರಿಸಿಕೊಂಡನು. ಹಾಡು ಮುಗಿದು ಚಿತ್ರಾ ಕರೆದಾಗ ಅವನ ಕಣ್ಣು ಒದ್ದೆಯಾಯಿತು.

"ಯಾರನ್ನ ಕರೀತಾಳ್ರೀ ಈಕಿ?"

"ಅವಳ ಅಪ್ಪನನ್ನು."

"ನನ್ನನ್ನೂ ಕರದಂಗಾತು," ಎಂದನು ಅವನು.

ಅಂದಿನಿಂದ ಅದೊಂದು ಕ್ರಮವೇ ಆಯಿತು. ಮೊದಲು ರಾಯರಿಗೆ, ಆಮೇಲೆ ಅಂಬಾದಾಸನಿಗೆ. ಮನೆಗೆ ಹೋದ ಕೂಡಲೇ ಲೀಲಾಕ್ಷಮ್ಮ ಮೊಬೈಲನ್ನು ತೀರ್ಥದ ಬಟ್ಟೆಯಿಂದ ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಒರೆಸುತ್ತಿದ್ದಳು, ಪರರು ಮುಟ್ಟಿದ್ದಲ್ಲವೇ? ಹೊರಗೆ ಶ್ರಾವಣದ ಜಿಟಿಜಿಟಿ ಮಳೆ ಬಿಡದೆ ಹಿಡಿದಿತ್ತು. ಮನೆಯೊಳಗೆ ಹಗ್ಗದ ಮೇಲೆ ಹರವಿದ ಸೀರೆಗಳು ದಿನಗಟ್ಟಲೆ ತಣ್ಣಗೇ ಇರುತ್ತಿದ್ದವು. ರೇಷ್ಮೆಯ ಚೀಲವೂ ತಣ್ಣಗಿರುತ್ತಿತ್ತು. ಸೊಂಟಕ್ಕೆ ಅದು ತಗುಲಿದಾಗ ಮಗಳ ಕೈ ತಗುಲಿದಂತೆ ಅವಳಿಗೆ ಹಿತವಾಗುತ್ತಿತ್ತು.

ಸ್ವಲ್ಪ ದಿನಗಳಲ್ಲಿ ಅಂಬಾದಾಸ ತೀರಿಕೊಂಡನು. ಹಿಂದಿನ ಸಂಜೆ ಕೂಡ ಅವನು ಭಜನೆ ಕೇಳಿದ್ದನು. ಆಗ ಅವನಿಗೆ ಮಾತು ನಿಂತಿತ್ತು. ಕಿವಿಗೆ ದೇವರ ನಾಮ ಬಿದ್ದು ಹೋದನಲ್ಲ, ಪುಣ್ಯವಂತ ಎಂದುಕೊಂಡು ಲೀಲಾಕ್ಷಮ್ಮ ಕೈ ಮುಗಿದಳು. ಅವನ ಹಾಸಿಗೆಯನ್ನು ತೊಳೆದರು, ಕಂಬಿಗಳನ್ನು ಒರೆಸಿದರು, ಪರದೆಯನ್ನು ಬದಲಾಯಿಸಿದರು. ಆ ಹಾಸಿಗೆಗೆ ಮೈಸೂರು ಕಡೆಯ ಮಹದೇವಮ್ಮ ಬಂದಳು. ಅವಳ ಮಗ ಅಭಿಲಾಷ ಹಿಂಜವಡಿಯಲ್ಲಿ ಕೆಲಸದಲ್ಲಿದ್ದವನು, ತಾಯಿಗೆ ಚಿಕಿತ್ಸೆ ಮಾಡಿಸಲೆಂದು ಕರೆಸಿಕೊಂಡಿದ್ದನು. ಅವಳ ಕುತ್ತಿಗೆಯಲ್ಲಿ ಔಷಧದ ಸಣ್ಣ ನಳಿಗೆಯನ್ನು ಹಾಕಿದ್ದರು.

"ಏನ್ ಚೆನ್ನಾಗ್ ಹೇಳ್ತಾಳಮ್ಮ ನಿಮ್ಮುಡ್ಗಿ," ಎಂದಳು ಅವಳು ಮೊದಲ ದಿನವೇ. "ಇಲ್ಲಿ ಬರೀ ಮರಾಠಿ ಕೇಳಿ ಕೇಳಿ ಕಿವಿ ಒಣಗೋಗಿತ್ತು. ಇನ್ನೊಂದ್ಸಲ ಹಾಕಿ."

ಲೀಲಾಕ್ಷಮ್ಮ ಇನ್ನೊಂದು ಸಲ ಹಾಕಿದಳು. ಮೊಬೈಲು ಮಹದೇವಮ್ಮನ ಕುತ್ತಿಗೆಯ ಪಕ್ಕದಲ್ಲೇ ಒರಗಿಕೊಂಡು ಹಾಡಿತು.

ಮಹದೇವಮ್ಮನಿಗೆ ಜ್ವರ ಬಂತು. ಚಳಿ ಹಿಡಿದು ಮಂಚವೇ ಅಲುಗುವಂಥ ಜ್ವರ. ಅವಳ ಆಚೆಗಿದ್ದ ಮುದುಕರೊಬ್ಬರು ಒಂದು ಸಂಜೆ ಮಾತ್ರ ಭಜನೆಯನ್ನು ಬೇಡಿ ಕೇಳಿದ್ದರು. ಅವರ ಗಾಯವೂ ಹಸಿರಾಗಿ ಒಸರತೊಡಗಿತು. ವಾರ್ಡಿನಲ್ಲಿ ಜನ ಗುಸುಗುಸು ಮಾತನಾಡಿದರು. ಆ ಹಾಸಿಗೆಯೇ ಸರಿಯಿಲ್ಲ ಎಂದರು ಕೆಲವರು. ಅಂಬಾದಾಸನ ಜೀವ ಇನ್ನೂ ಅಲ್ಲೇ ಸುಳಿಯುತ್ತಿದೆ ಎಂದಳು ಒಬ್ಬ ಕಸಗುಡಿಸುವವಳು. ಲೀಲಾಕ್ಷಮ್ಮನಿಗೂ ಏನೋ ಒಂದು ವಾರ್ಡಿನೊಳಗೆ ನಡೆದಾಡುತ್ತಿದೆ ಎನ್ನಿಸುತ್ತಿತ್ತು. ಕಣ್ಣಿಗೆ ಕಾಣದ್ದು, ಕಾಲಸಪ್ಪಳವಿಲ್ಲದ್ದು, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ತನ್ನಷ್ಟಕ್ಕೆ ಹೋಗಿ ಕೂರುವಂಥದ್ದು. ಅದು ರಾಯರ ಹಾಸಿಗೆಯನ್ನು ಮುಟ್ಟದಿರಲಿ ಎಂದು ಅವಳು ಭಜನೆಯನ್ನು ಹೆಚ್ಚು ಸಲ ಹಾಕಿದಳು. ಮೊಬೈಲನ್ನು ಹೆಚ್ಚು ಸಲ ಒರೆಸಿದಳು.

ಸಿಂಧೂರ ಸಿಸ್ಟರ್ ಉದ್ದನೆಯ ಹತ್ತಿ ಕಡ್ಡಿಗಳನ್ನು ಹಿಡಿದು ಎಲ್ಲದರ ಮೇಲೂ ಉಜ್ಜಿ ಉಜ್ಜಿ ಪರೀಕ್ಷೆಗೆ ಕಳಿಸಿದಳು. ಮಂಚದ ಕಂಬಿ, ಕೈ ತೊಳೆಯುವ ತೊಟ್ಟಿ, ರಕ್ತದೊತ್ತಡ ನೋಡುವ ಪಟ್ಟಿ, ದಾದಿಯರ ಮೊಬೈಲುಗಳು, ಜೇಬಿನಲ್ಲಿದ್ದ ಡಾಕ್ಟರರ ಗಡಿಯಾರ ಕೂಡ. ಒಂದರಲ್ಲೂ ಆ ಜಂತು ಸಿಗಲಿಲ್ಲ. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಎಲ್ಲೋ ಹಸಿ ಜಾಗಾ ಐತ್ರಿ ಕಾಕು," ಎಂದಳು ಲೀಲಾಕ್ಷಮ್ಮನಿಗೆ, ಸೋತವಳಂತೆ. "ಈ ಜಂತು ಒಣಗಿದ್ದರಾಗ ಭಾಳ ಬೆಳ್ಯಂಗಿಲ್ಲ. ಹಸಿ ಬೇಕು ಅದಕ. ಎಲ್ಲಿ ಅಂತ ಸಿಗವಲ್ದು."

"ದೇವರು ತೋರಿಸ್ತಾನೆ ಮಗಾ," ಎಂದಳು ಲೀಲಾಕ್ಷಮ್ಮ. ತನ್ನ ಕೈ ಸೊಂಟದ ಚೀಲದ ಮೇಲೆ ಇದ್ದದ್ದು ಅವಳ ಗಮನಕ್ಕೆ ಬರಲಿಲ್ಲ.

ಅಂದು ಸಂಜೆ ಅವಳು ಒಳಗೆ ಹೋದಾಗ ರಾಯರ ಹಣೆ ಬಿಸಿಯಾಗಿತ್ತು. ಬಾಯಿ ಒಣಗಿದೆ ಎಂದರು. ಅವಳು ಮೊಬೈಲನ್ನು ದಿಂಬಿನ ಮೇಲಿಟ್ಟಳು. ಭಜನೆ ಶುರುವಾಯಿತು. ಎಂದೂ ಇಲ್ಲದೆ ರಾಯರು ಮುಖವನ್ನು ಅತ್ತ ತಿರುಗಿಸಿದರು.

"ಎಂತಾಯ್ತು? ಬೇಡವಾ?"

"ಹಾಡು ಬೇಕು ಲೀಲಾ. ವಾಸನೆ ಬರ್ತದೆ."

"ಎಂತ ವಾಸನೆ?"

"ಮೇಜು ಒರೆಸುವ ಬಟ್ಟೆದು." ಅವರು ಜ್ವರದ ಉಸಿರಿನಲ್ಲಿ ನಗಲು ಪ್ರಯತ್ನಿಸಿದರು. "ನಾನು ಮಾಣಿಗಳಿಗೆ ಬೈದು ಬೈದು ಗಂಟಲು ಹರಿದುಕೊಂಡದ್ದು ಮರೆತು ಹೋಯ್ತಾ? ಒದ್ದೆ ಬಟ್ಟೆ ಮಡಚಿ ಇಡ್ಬೇಡ, ಒಣಗಿಸಿ ಇಡು ಅಂತ. ಇಲ್ಲಿ ಯಾವ ಮಾಣಿ ಇಟ್ಟದ್ದು ಮಾರಾಯ್ತಿ ಅದನ್ನು?"

ಲೀಲಾಕ್ಷಮ್ಮ ಬಗ್ಗಿ ಮೂಸಿದಳು. ದಿಂಬಿಗೆ ಸಾಬೂನಿನ ವಾಸನೆ. ಹೊದಿಕೆಗೂ ಅದೇ. ಆಮೇಲೆ ಅವಳು ಚೀಲವನ್ನು ಸೊಂಟದಿಂದ ಬಿಡಿಸಿ ಮೂಗಿನ ಬಳಿಗೆ ತಂದಳು.

ದಿನವೂ ಮೂಸಿದ ವಾಸನೆಯೇ. ಅದನ್ನು ತುಳಸಿಯ ವಾಸನೆ ಎಂದುಕೊಂಡಿದ್ದಳು. ಕುಂಕುಮದ್ದು, ಹಳೆಯ ರೇಷ್ಮೆಯದು, ಮಗಳದು ಎಂದುಕೊಂಡಿದ್ದಳು. ಈಗ ಅದರ ಹೆಸರು ಗೊತ್ತಾಯಿತು. ಮಳೆಗಾಲದ ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆದೊಡನೆ, ರಾತ್ರಿಯೆಲ್ಲ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದ ಒರಸು ಬಟ್ಟೆಯಿಂದ ಏಳುತ್ತಿದ್ದ ಅದೇ ಹುಳಿತ ನಾತ. ಆ ಬಟ್ಟೆಯಿಂದ ಒಂದು ಮೇಜು ಒರೆಸಿದರೆ ಸಾಲಾಗಿ ಎಲ್ಲ ಮೇಜಿಗೂ ಅದೇ ನಾತ ಹತ್ತುತ್ತಿತ್ತು. ಮಾಣಿಗಳ ಕೈಯಿಂದ ಕಸಿದು ಅದನ್ನು ತಾನೇ ಎಷ್ಟು ಸಲ ಬೀದಿಗೆ ಎಸೆದಿದ್ದಳೋ.

ಭಜನೆ ನಡೆದೇ ಇತ್ತು. ಅವಳು ಬೆರಳಿಟ್ಟು ಅದನ್ನು ನಿಲ್ಲಿಸಿದಳು. ಮಗಳನ್ನು ನಡುವೆ ತಡೆದದ್ದು ಅದೇ ಮೊದಲು.

ಸಿಂಧೂರ ಸಿಸ್ಟರ್ ಬಾಗಿಲ ಬಳಿಯ ಮೇಜಿನಲ್ಲಿದ್ದಳು. ಲೀಲಾಕ್ಷಮ್ಮ ಚೀಲವನ್ನು ಅವಳ ಮುಂದೆ ಹಿಡಿದಳು. "ನೀನು ಹುಡುಕುವ ಹಸಿ ಇದರಲ್ಲಿ ಉಂಟು," ಎಂದಳು.

ಹುಡುಗಿ ಕೈಗವಸು ಹಾಕಿಕೊಂಡು ಚೀಲವನ್ನು ಬಿಡಿಸಿದಳು. ಮಡಚಿದ ಬಟ್ಟೆಯ ಚೂರು ಹೊರಗೆ ಬಂತು. ಮಡಿಕೆಗಳ ಒಳಗೆ ಲೋಳೆಯಂತೆ ಏನೋ ಹೊಳೆಯಿತು.

"ಇದು ಯಾರ್ಯಾರ ಹಾಸಿಗಿಗೆ ಹೋಗೇದ್ರಿ ಕಾಕು?"

ಲೀಲಾಕ್ಷಮ್ಮ ಹೇಳಿದಳು. ಅಂಬಾದಾಸ. ಮಹದೇವಮ್ಮ. ಆಚೆಯ ಮುದುಕರು. ಒಂದೊಂದು ಹೆಸರಿಗೂ ಸಿಸ್ಟರ್‌ನ ಮುಖದಲ್ಲಿ ಏನೋ ಒಂದು ದೀಪ ಆರಿದಂತಾಗುತ್ತಿತ್ತು.

"ಕೇಳಿದವರಿಗೆ ದೇವರ ನಾಮ ಕೇಳಿಸಿದೆ, ಅಷ್ಟೇ," ಎಂದಳು ಲೀಲಾಕ್ಷಮ್ಮ.

"ನಾಮಕ್ಕ ಏನೂ ದೋಷ ಇಲ್ರಿ," ಎಂದಳು ಸಿಂಧೂರ. ಬಯ್ಯಲಿಲ್ಲ. ಬೈದಿದ್ದರೆ ಲೀಲಾಕ್ಷಮ್ಮನಿಗೆ ಹಗುರಾಗುತ್ತಿತ್ತು. "ಅಂಬಾದಾಸ ಅಣ್ಣಾರ ಗಾಯದಾಗಿಂದು ಇದರಾಗ ಬಂದು ಕುಂತಿರಬೇಕು. ಪರೀಕ್ಷಾ ಆದಮ್ಯಾಲೆ ಗೊತ್ತಾಗ್ತದ. ಬಾಗಲದಾಗ ದಿನಾ ಕೇಳ್ತಿದ್ನಲ್ರಿ ಕಾಕು. ಒಂದ ಮಾತು ಹೇಳಬಾರದಿತ್ತೇನು?"

ಲೀಲಾಕ್ಷಮ್ಮ ಮೊಬೈಲನ್ನೂ ತಂದು ಮೇಜಿನ ಮೇಲೆ ಇಟ್ಟಳು.

ಪರೀಕ್ಷೆಗೆಂದು ಚೂರೊಂದನ್ನು ಕತ್ತರಿಸಿಕೊಂಡು, ಉಳಿದ ಚೀಲವನ್ನೂ ಬಟ್ಟೆಯನ್ನೂ ಸುಡುವ ಕಸದ ಹಳದಿ ಚೀಲಕ್ಕೆ ಹಾಕಬೇಕಾಯಿತು. ಅದನ್ನು ಲೀಲಾಕ್ಷಮ್ಮನೇ ಹಾಕಿದಳು. ಆಮೇಲೆ ಸ್ಪಿರಿಟ್ಟಿನ ಕಾಗದವನ್ನು ಕೇಳಿ ತೆಗೆದುಕೊಂಡು ಮೊಬೈಲನ್ನು ತಾನೇ ಒರೆಸಿದಳು. ಕುಂಕುಮ ಕಾಗದಕ್ಕೆ ಕೆಂಪಾಗಿ ಅಂಟಿಕೊಂಡು ಬಂತು. ಮಗಳ ಬೆರಳಿನ ಗುರುತು ಏನಾದರೂ ಇದ್ದಿದ್ದರೆ ಅದೂ ಬಂದಿರಬೇಕು.

ಪರೀಕ್ಷೆಯ ಫಲಿತಾಂಶ ಬಂದಾಗ ಸಂಶಯ ಉಳಿಯಲಿಲ್ಲ. ಬಟ್ಟೆಯಲ್ಲಿದ್ದುದೇ ಮಹದೇವಮ್ಮನ ರಕ್ತದಲ್ಲಿತ್ತು, ಆಚೆಯ ಮುದುಕರ ಗಾಯದಲ್ಲಿತ್ತು. ಅದೇ ರಾಯರ ರಕ್ತದಲ್ಲೂ ಇತ್ತು. ಅದಕ್ಕೆ ಬಗ್ಗುವ ಔಷಧ ಒಂದೇ ಒಂದು. ಮೂತ್ರಪಿಂಡ ಅದನ್ನು ತಾಳಿಕೊಂಡರೆ ಬದುಕುತ್ತಾರೆ ಎಂದು ಡಾಕ್ಟರು ಪೃಥ್ವಿರಾಜನಿಗೆ ಹೇಳಿದರು. ರಾಯರನ್ನು ವಾರ್ಡಿನ ತುದಿಯಲ್ಲಿದ್ದ ಗಾಜಿನ ಗೋಡೆಯ ಕೋಣೆಗೆ ಒಬ್ಬರನ್ನೇ ಸಾಗಿಸಿದರು.

ಮಹದೇವಮ್ಮ ಮರುದಿನ ಹೋಗಿಬಿಟ್ಟಳು. ಅಭಿಲಾಷ ಮೊಗಸಾಲೆಯಲ್ಲಿ ಲೀಲಾಕ್ಷಮ್ಮನನ್ನು ಕಂಡು, ಬಾಗಿ ಅವಳ ಪಾದ ಮುಟ್ಟಿದನು.

"ನಿಮ್ಮಿಂದ ಅಮ್ಮ ಕೊನೆವರೆಗೂ ದೇವರ ಹಾಡು ಕೇಳಿಸ್ಕೊಂಡ್ರು ಆಂಟಿ. ಈ ಊರಲ್ಲಿ ನಮಗೆ ಯಾರಿದ್ರು ಹೇಳಿ?"

"ಮುಟ್ಬೇಡ ಮಗಾ," ಎಂದು ಅವಳು ಹಿಂದೆ ಸರಿದಳು. ಹೇಳದೆ ಇರಬಹುದಾಗಿತ್ತು. ಆದರೆ ದಿನವೂ ಬಾಗಿಲಲ್ಲಿ ಬಚ್ಚಿಟ್ಟದ್ದು ಸಾಕಾಗಿತ್ತು. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಹುಡುಗ ಕೇಳುತ್ತ ನಿಂತನು. ಪಾದ ಮುಟ್ಟಿದ ಕೈಯನ್ನು ನಿಧಾನವಾಗಿ ಪ್ಯಾಂಟಿಗೆ ಒರೆಸಿಕೊಂಡು ಹೊರಟುಹೋದನು.

ಗಾಜಿನ ಕೋಣೆಗೆ ಹೋಗಬೇಕಾದರೆ ಉದ್ದ ನಿಲುವಂಗಿ, ಮುಖವಸ್ತ್ರ, ಕೈಗವಸು ತೊಡಬೇಕು. ಬರುವಾಗ ಎಲ್ಲವನ್ನೂ ಕಳಚಿ ಎಸೆದು ಕೈ ತೊಳೆಯಬೇಕು. ಒಮ್ಮೆ ಹೊರಗೆ ಬಂದವರನ್ನು ಮುಂದಿನ ಭೇಟಿಯ ಹೊತ್ತಿನ ತನಕ ಒಳಗೆ ಬಿಡುವುದಿಲ್ಲ. ಸಿಂಧೂರ ಇದನ್ನು ಹೇಳಿ, ಅವಳ ನಿಲುವಂಗಿಯ ದಾರವನ್ನು ತಾನೇ ಕಟ್ಟಿದಳು. "ಔಷಧ ನಡದದ್ರಿ. ಇವತ್ತಿನ ಹಗಲು ದಾಟಬೇಕು," ಎಂದು ಮಾತ್ರ ನುಡಿದಳು.

ರಾಯರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೆಂಡತಿ ಬಂದದ್ದನ್ನು ಅವರು ಹೆಜ್ಜೆಯಿಂದ ತಿಳಿದರು.

"ಚಿತ್ರಾನ ಹಾಕು."

"ಮೊಬೈಲು ಸಿಸ್ಟರ್ ಹತ್ರ ಉಂಟು. ಇಲ್ಲಿಗೆ ತರುವ ಹಾಗಿಲ್ಲ."

"ಹಾಗಾದ್ರೆ ನೀನು ಹೇಳು."

ಮಗಳು ಹೋದಮೇಲೆ ಲೀಲಾಕ್ಷಮ್ಮ ಬಾಯಿ ಬಿಟ್ಟು ಹಾಡಿರಲಿಲ್ಲ. ಚಿತ್ರಾಳಿಗೆ ಆ ಭಜನೆ ಕಲಿಸಿದವಳು ಅವಳೇ. ಮುಖವಸ್ತ್ರದ ಒಳಗಿನಿಂದ ದನಿ ಹೊರಟಿತು; ಒಡೆದ, ತಗ್ಗಿದ ದನಿ. ರಾಯರು ಕಣ್ಣು ಮುಚ್ಚಿ, ಅವಳ ಕೈಗವಸಿನ ಕೈಯನ್ನು ಹುಡುಕಿ ಹಿಡಿದುಕೊಂಡರು. ಜ್ವರದ ಬಿಸಿ ರಬ್ಬರನ್ನು ದಾಟಿ ಅವಳ ಅಂಗೈಗೆ ಬರುತ್ತಿತ್ತು.

"ಹೋಗ್ಬೇಡ," ಎಂದರು ನಡುವೆ.

"ಎಲ್ಲಿಗೆ ಹೋಗಲಿ?" ಎಂದು ಅವಳು ಮುಂದಿನ ಸಾಲನ್ನು ಹೇಳಿದಳು.

ಹಾಗೆ ಹಾಡುತ್ತ ಗಾಜಿನ ಆಚೆಗೆ ನೋಡಿದಳು. ಮಹದೇವಮ್ಮನ ಹಾಸಿಗೆಯನ್ನು ತೊಳೆದು ಒಣಗಿಸಿ ಹೊಸ ಹೊದಿಕೆ ಹಾಸಿದ್ದರು. ಅದರ ಮೇಲೆ ಯಾರೋ ಒಬ್ಬ ಮುದುಕಿ. ಈಗಷ್ಟೇ ತಂದಿರಬೇಕು, ಎದೆಯ ಪಟ್ಟಿ ಇನ್ನೂ ಬೆಳ್ಳಗಿತ್ತು. ಪಕ್ಕದಲ್ಲಿ ನಡುವಯಸ್ಸಿನ ಮಗ. ಅವನು ಅತ್ತ ಇತ್ತ ನೋಡಿದನು. ಸಿಂಧೂರ ಬಾಗಿಲ ಬಳಿ ಇರಲಿಲ್ಲ. ಅಂಗಿಯ ಒಳಗೆ ಕೈ ಹಾಕಿ ಅವನು ಒಂದು ಮೊಬೈಲನ್ನು ತೆಗೆದನು. ಬೆವರಿನಿಂದ ಒದ್ದೆಯಾಗಿದ್ದ ಅದರ ಗಾಜನ್ನು ಕರವಸ್ತ್ರದಿಂದ ಒರೆಸಿದನು, ಆ ಕರವಸ್ತ್ರವನ್ನು ಮತ್ತೆ ಮಡಚಿ ಅದರ ಜೊತೆಗೇ ಹಿಡಿದುಕೊಂಡನು. ಬಾಗಿ ತಾಯಿಯ ಕಿವಿಯ ಬಳಿ ಏನೋ ಕೇಳಿದನು. ಮುದುಕಿ ತಲೆಯಾಡಿಸಿದಳು.

ಲೀಲಾಕ್ಷಮ್ಮ ಎಡಗೈಯಿಂದ ಗಾಜನ್ನು ಬಡಿದಳು. ಕೈಗವಸಿನ ಕೈ ಸದ್ದು ಮಾಡಲಿಲ್ಲ. ಇನ್ನೊಮ್ಮೆ ಬಡಿದಳು. ಆ ಮನುಷ್ಯ ತಲೆಯೆತ್ತಿ ನೋಡಿದನು. ಮುಖವಸ್ತ್ರ ಹಾಕಿಕೊಂಡ ಒಬ್ಬ ಹಿರಿಯಳು ತನ್ನತ್ತ ಕೈಯೆತ್ತಿದ್ದು ಕಂಡಿತು. ಅವನು ಮುಗುಳ್ನಕ್ಕು ಮೊಬೈಲು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿ, ಅದನ್ನು ದಿಂಬಿನ ಕಡೆಗೆ ಒಯ್ದನು.

ಭಜನೆ ನಿಂತಿತ್ತು. ರಾಯರ ಬೆರಳುಗಳು ಅವಳ ಬೆರಳುಗಳನ್ನು ಹೆಣೆದುಕೊಂಡಿದ್ದವು. ಈಗ ಹೊರಗೆ ಹೋದರೆ ಸಂಜೆಯ ತನಕ ಈ ಬಾಗಿಲು ತೆರೆಯುವುದಿಲ್ಲ. ಸಂಜೆ ಬಹಳ ದೂರದಲ್ಲಿತ್ತು.

"ಈಗ ಬಂದೆ," ಎಂದಳು ಅವಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಒಂದೊಂದೇ ಬೆರಳನ್ನು ಬಿಡಿಸಿದಳು. ರಾಯರು ತಡೆಯಲಿಲ್ಲ, ಅವಳು ಬಿಟ್ಟ ಅವರ ಕೈ ಹೊದಿಕೆಯ ಮೇಲೆ ಹಾಗೆಯೇ ಅರ್ಧ ತೆರೆದು ಉಳಿಯಿತು.

ಕೈಗವಸು ಕಳಚಿದಳು, ನಿಲುವಂಗಿ ಕಳಚಿದಳು. ಬಾಗಿಲು ತಳ್ಳಿ ಹೊರಗೆ ಬರುತ್ತಲೇ, "ಸಿಂಧೂರಾ" ಎಂದು ಕೂಗಿದಳು. ಆ ಮನುಷ್ಯನ ಕೈ ಅಲ್ಲೇ ನಿಂತಿತು. ಹಿಂದೆ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತು.

ಅವಳು ತೊಟ್ಟಿಯ ಬಳಿ ನಿಂತು ಮೊಣಕೈಯ ತನಕ ಕೈ ತೊಳೆಯುತ್ತ ಗಾಜಿನ ಒಳಗೆ ನೋಡಿದಳು. ರಾಯರ ತುಟಿಗಳು ಅಲುಗುತ್ತಿದ್ದವು. ತಾನು ಅರ್ಧಕ್ಕೆ ಬಿಟ್ಟ ಸಾಲನ್ನು ಅವರು ಮುಂದುವರಿಸುತ್ತಿದ್ದರೋ, ಯಾರೋ ಕರೆದದ್ದಕ್ಕೆ ಓಗೊಡುತ್ತಿದ್ದರೋ, ಈಚೆಗೆ ಕೇಳಿಸಲಿಲ್ಲ.